ಬಿಳಿ ಬಣ್ಣದ ಮೋಹ ಗ್ರೀಕರದ್ದಲ್ಲ, ಮೇಷ್ಟ್ರೇ

ಪತ್ರ: ಕಳೆದ ಸಂಚಿಕೆಯಲ್ಲಿ ಗ್ರೀಕ್ ದೇವತೆಗಳ ಲೇಖನದ ಜೊತೆ ಬಣ್ಣ ಬಳಿದ ಮೂರ್ತಿಯ ಚಿತ್ರ ಹಾಕಿದ್ದೀರಿ. ನೋಡಿ ಬೇಜಾರಾಯಿತು. ಗ್ರೀಕರ ಹೆಚ್ಚುಗಾರಿಕೆಯೇ ಆ ಬಿಳಿ ಅಮೃತಶಿಲೆ. ನಮ್ಮ ಗೋಪುರಗಳ ಹಾಗೆ ಗಿಣಿಹಸಿರು, ಗುಲಾಬಿ ಬಳಿದು ಅವರ ಅಭಿರುಚಿಯನ್ನೂ ಕೆಡಿಸಬೇಡಿ.
– ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಶಿವಮೊಗ್ಗ

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಅಕ್ಷರ ಎಷ್ಟು ದುಂಡಗಿದೆ ಅಂದರೆ, ಬೈಸಿಕೊಂಡರೂ ಓದೋಕೆ ಖುಷಿಯಾಗುತ್ತದೆ. ಒಂದು ಮಾತು ಮೊದಲೇ ಒಪ್ಪಿಬಿಡುತ್ತೇನೆ. ನಾವು ಹಾಕಿದ ಚಿತ್ರ ಕಣ್ಣಿಗೆ ಹೊಡೆಯುವ ಹಾಗಿತ್ತು. ಯಾವ ಬಣ್ಣ ಇತ್ತು ಅನ್ನುವುದನ್ನು ತಜ್ಞರು ಪತ್ತೆ ಹಚ್ಚಬಹುದು. ಅದನ್ನು ಎಷ್ಟು ತೆಳುವಾಗಿ, ಎಷ್ಟು ನಯವಾಗಿ ಬಳಿದಿದ್ದರು ಅನ್ನುವುದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಅದು ನಿಮ್ಮ ಲೆಕ್ಕಕ್ಕೆ. ಉಳಿದದ್ದಕ್ಕೆಲ್ಲ ಜಗಳ ಇದೆ.

ಪ್ರಾಕ್ಸಿಟಿಲೀಸ್ ಹೆಸರು ನಿಮಗೆ ಗೊತ್ತೇ ಇರುತ್ತದೆ. ಗ್ರೀಕ್ ಶಿಲ್ಪಿಗಳಲ್ಲಿ ದೊಡ್ಡ ಹೆಸರು. ನಿನ್ನ ಅಮೃತಶಿಲೆಯ ಮೂರ್ತಿಗಳಲ್ಲಿ ನಿನಗೆ ಯಾವುದು ಇಷ್ಟ ಎಂದು ಯಾರೋ ಅವನನ್ನು ಕೇಳಿದರಂತೆ. ‘ನಿಕಿಯಾಸ್ ಕೈಯಾಡಿಸಿದವು’ ಅಂದನಂತೆ. ನಿಕಿಯಾಸ್ ಶಿಲ್ಪಿಯಲ್ಲ, ಬಣ್ಣ ಹಾಕುವವನು! ರೋಮಿನ ಪ್ಲಿನಿ ಬರೆದಿಟ್ಟ ಕಥೆ ಇದು. ಗ್ರೀಕ್ ನಾಟಕಕಾರ ಯೂರಿಪಿಡೀಸನ ನಾಟಕದಲ್ಲಿ ಪುರಾಣದ ಚೆಲುವೆ ಹೆಲೆನ್ ತನ್ನ ಚೆಲುವೇ ತನಗೆ ಶಾಪ ಎಂದು ಗೋಳಾಡುತ್ತಾಳೆ. ಮೂರ್ತಿಯ ಬಣ್ಣ ಒರೆಸಿದ ಹಾಗೆ ನನ್ನ ರೂಪವೂ ಅಳಿಸಿಹೋಗಿ ಕುರೂಪಿಯಾಗಿದ್ದರೆ ಚೆನ್ನಾಗಿತ್ತು ಅನ್ನುತ್ತಾಳೆ. ಬಣ್ಣ ಹೋದ ಮೂರ್ತಿ ಅಂದರೆ ಅವರಿಗೆ ಕುರೂಪ. ನಮಗೆ ಅದೇ ಅಭಿರುಚಿಯ ತುತ್ತತುದಿ. ತಮಾಷೆಯಾಗಿದೆ ಅಲ್ವಾ?

ಪುಸ್ತಕದ ಮಾತು ಸಾಕು, ಮಣ್ಣಿನ ಸಾಕ್ಷಿ ನೋಡಿ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಅಥೆನ್ಸಿನ ಆಕ್ರೊಪೊಲಿಸ್ ಬೆಟ್ಟಕ್ಕೆ ನುಗ್ಗಿ ಸುಟ್ಟು, ಒಡೆದು ಹೋದರು. ಆಮೇಲೆ ಊರವರು ಮುರಿದ ಮೂರ್ತಿಗಳನ್ನು ಅಲ್ಲೇ ಹೂತರು. 1880ರ ದಶಕದಲ್ಲಿ ಅಗೆದಾಗ ಅವು ಮೇಲೆ ಬಂದವು, ಬಣ್ಣ ಸಮೇತ. ಅವುಗಳಲ್ಲಿ 1886ರಲ್ಲಿ ಸಿಕ್ಕ ಒಬ್ಬ ಹುಡುಗಿ ಇದ್ದಾಳೆ, ಈಗ ಅಲ್ಲಿನ ಮ್ಯೂಸಿಯಮ್ಮಿನಲ್ಲಿ. ಕೂದಲಲ್ಲೂ ತುಟಿಯಲ್ಲೂ ಕೆಂಪು ಇನ್ನೂ ಉಳಿದಿದೆ. ಸಣ್ಣಗೆ ನಗುತ್ತಿದ್ದಾಳೆ. ಕಣ್ಣಿಗೆ ಕಾಣದಷ್ಟು ಅಳಿದುಹೋದದ್ದನ್ನೂ ಈಗ ಹಿಡಿಯುತ್ತಾರೆ. ಈಜಿಪ್ಷಿಯನ್ ನೀಲಿ ಅನ್ನುವ ಬಣ್ಣದ ಒಂದು ಕಣ ಉಳಿದಿದ್ದರೂ ಸಾಕು, ಇನ್ಫ್ರಾರೆಡ್ ಕ್ಯಾಮೆರಾದಲ್ಲಿ ಮಿನುಗುತ್ತದೆ. ಅದೇ ಬೆಟ್ಟದ ಪಾರ್ಥೆನಾನ್ ದೇವಾಲಯದ ಶಿಲ್ಪಗಳೂ ಹಾಗೇ ಸಿಕ್ಕಿಬಿದ್ದವು.

ಹಾಗಾದರೆ ಈ ಬಿಳಿ ಹುಚ್ಚು ಯಾರದ್ದು? ಮಳೆ ಬಿಸಿಲು ಅರ್ಧ ಕೆಲಸ ಮಾಡಿತು. ಉಳಿದರ್ಧ ಯುರೋಪಿನ ಪಂಡಿತರದ್ದು. ದೇಹ ಬಿಳಿಯಾದಷ್ಟೂ ಚೆಂದ ಎಂದು ಜರ್ಮನಿಯ ಕಲಾ ಇತಿಹಾಸಕಾರ ವಿಂಕಲ್‌ಮನ್ 1764ರಲ್ಲಿ ಬರೆದ. ಕಾಡುಜನ, ಓದಿಲ್ಲದವರು, ಮಕ್ಕಳು, ಇವರಿಗೇ ಢಾಳು ಬಣ್ಣ ಇಷ್ಟ ಎಂದು ಜರ್ಮನ್ ಕವಿ ಗಯಟೆ 1810ರಲ್ಲಿ ಬರೆದ. ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ನಿಮ್ಮ ಪತ್ರದಲ್ಲಿ ಗೋಪುರದ ಬಗ್ಗೆ ಇರುವ ಸಾಲು ಅದೇ ಮಾತಿನ ಮೊಮ್ಮಗ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಂತೂ 1937–38ರಲ್ಲಿ ಪಾರ್ಥೆನಾನ್ ಶಿಲ್ಪಗಳನ್ನು ಬೆಳ್ಳಗೆ ಮಾಡಲು ಹೋಗಿ, ಜೇನಿನ ಬಣ್ಣಕ್ಕೆ ತಿರುಗಿದ್ದ ಮೇಲ್ಪದರವನ್ನು ತಾಮ್ರದ ಸಲಕರಣೆಯಿಂದ ಕೆರೆಸಿಬಿಟ್ಟರು. ತಳ ಹಿಡಿದ ಪಾತ್ರೆ ಉಜ್ಜಿದ ಹಾಗೆ.

ನಾನೂ ಈ ಹುಚ್ಚಿಗೆ ಬಿದ್ದವನೇ. ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ ನನಗೆ ಅಪೊಲೊ ಪಾತ್ರ. ಬಿಳಿ ಬೆಡ್‌ಶೀಟ್ ಸುತ್ತಿ, ಮುಖಕ್ಕೆ ಒಂದು ಡಬ್ಬಿ ಪೌಡರ್ ಮೆತ್ತಿ ನಿಲ್ಲಿಸಿದ್ದರು. ಕಣ್ಣಿಗೆ ಪೌಡರ್ ಬಿದ್ದು ಸೂರ್ಯದೇವ ಗಳಗಳ ಅತ್ತ. ಪಕ್ಕದಲ್ಲಿ ಯಕ್ಷಗಾನದ ಹುಡುಗರು ಕೆಂಪು ಹಳದಿ ಮುಖದಲ್ಲಿ ನಿಂತು ನಗುತ್ತಿದ್ದರು. ಗ್ರೀಕನೊಬ್ಬ ಸಭೆಯಲ್ಲಿದ್ದಿದ್ದರೆ ದೇವರು ಯಾರು ಅಂತ ಹುಡುಕಿಕೊಂಡು ಅವರ ಕಡೆಗೇ ಹೋಗುತ್ತಿದ್ದ.

ಆ ಪೌಡರ್ ಈಗ ಎಲ್ಲ ಕಡೆ ಹರಡಿದೆ ನೋಡಿ. ಮನೆ ಗೋಡೆ ಬಿಳಿ, ಸೋಫಾ ಬೂದಿ, ಮದುವೆ ಕಾಗದ ಗಂಜಿಯ ಬಣ್ಣ. ಅರಿಶಿನ ಕುಂಕುಮ ಮೂಲೆಗೆ ಹಚ್ಚೋದಕ್ಕೂ ಈಗ ಹಿಂಜರಿಕೆ, ಡಿಸೈನ್ ಕೆಡುತ್ತದಂತೆ! ಮಕ್ಕಳ ಮರದ ಆಟಿಕೆಗೂ ಬಣ್ಣ ಇಲ್ಲದಿದ್ದರೆ ರೇಟು ಜಾಸ್ತಿ. ಬಾದಾಮಿಯ ಮೂರನೇ ಗುಹೆಯಲ್ಲಿ ತಲೆಯೆತ್ತಿ ಹಳೆಯ ಚಿತ್ರದ ಚೂರು ಹುಡುಕುವವರೂ ಕಮ್ಮಿ. ಕಲ್ಲು ಅಂದರೆ ಬರೀ ಕಲ್ಲಾಗಿಯೇ ಇತ್ತು ಎಂದು ಸುಮ್ನೆ ನಂಬಿಬಿಟ್ಟಿದ್ದೇವೆ.

ಮೇಷ್ಟ್ರೇ, ಆಕ್ರೊಪೊಲಿಸ್ಸಿನ ಆ ಹುಡುಗಿಯ ರೇಖಾಚಿತ್ರ ಈ ಉತ್ತರದ ಜೊತೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಹಳೇ ಬಣ್ಣದ ಪೆಟ್ಟಿಗೆ ತೆಗೆದು ತುಂಬಿ ಕಳಿಸಿ. ತುಟಿ, ಕೂದಲು ಮಾತ್ರ ಕೆಂಪಿರಲಿ. ಸೆರಗಿನಂಥ ಆ ಅಂಚಿಗೆ ಯಾವ ಬಣ್ಣ ಅನ್ನುವುದು ನಿಮಗೇ ಬಿಟ್ಟದ್ದು, ಗಿಣಿಹಸಿರಾದರೂ ಅಚ್ಚು ಹಾಕುತ್ತೇನೆ.