ಇಟಲಿಯಿಂದ ಬಂದ ದಂಡದ ಪತ್ರ

ಪ್ರಶ್ನೆ: ಮೇ ತಿಂಗಳಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾಡಿಗೆ ಕಾರು ಓಡಿಸಿದ್ದೆ. ಎಂಟು ತಿಂಗಳ ಮೇಲೆ, ನಿನ್ನೆ, ಮೈಸೂರಿನ ಮನೆಗೆ ದಂಡದ ಪತ್ರ ಬಂದಿದೆ. ಕಾರಿನ ಕಂಪನಿ ಆಗಲೇ ನನ್ನ ಕಾರ್ಡಿನಿಂದ ಹಣ ತೆಗೆದುಕೊಂಡಿದೆ. ಮತ್ತೆ ಕಟ್ಟಬೇಕೆ?

ಉತ್ತರ: ಕಟ್ಟಬೇಕು. ಕಂಪನಿ ಪಡೆದದ್ದು ನಿಮ್ಮ ವಿವರವನ್ನು ಪೊಲೀಸರಿಗೆ ಒದಗಿಸಿದ ಶುಲ್ಕ, ದಂಡ ಬೇರೆ. ನನಗೂ ಹೀಗೇ ಆಗಿತ್ತು, ಆಗ ಪಟ್ಟ ಗಾಬರಿ ಇನ್ನೂ ನೆನಪಿದೆ. ಹಳೆಯ ಪೇಟೆಯ ಬೀದಿಗಳು ಅಲ್ಲಿ 'ಝಡ್‌ಟಿಎಲ್' (ಸೀಮಿತ ಸಂಚಾರದ) ವಲಯ, ಪರವಾನಗಿಯಿಲ್ಲದ ವಾಹನ ಹೊಕ್ಕರೆ ಕ್ಯಾಮೆರಾ ನಂಬರ್ ಹಿಡಿಯುತ್ತದೆ. ವಿದೇಶದಲ್ಲಿರುವವರಿಗೆ ನೋಟಿಸ್ ಕಳುಹಿಸಲು ಅವರಿಗೆ 360 ದಿನಗಳ ಅವಕಾಶವಿದೆ, ಹಾಗಾಗಿ ತಡವಾಯಿತೆಂದು ವಾದಿಸಲಾಗದು. ಪತ್ರ ತಲುಪಿದ ಐದು ದಿನಗಳೊಳಗೆ ಕಟ್ಟಿದರೆ ಶೇ 30ರಷ್ಟು ಕಡಿತ. ದಯವಿಟ್ಟು ಇಂದೇ ಕಟ್ಟಿ. ಆದರೆ ನಿಮ್ಮ ಹೋಟೆಲ್ ಆ ವಲಯದೊಳಗೇ ಇದ್ದು, ಕಾರಿನ ನಂಬರನ್ನು ಅವರು ನೋಂದಾಯಿಸಿದ್ದರೆ ಕಟ್ಟಬೇಡಿ. 60 ದಿನಗಳೊಳಗೆ ಅಲ್ಲಿನ ಪ್ರಾಂತ್ಯದ ಸರ್ಕಾರಿ ಅಧಿಕಾರಿಯಾದ ಪ್ರಿಫೆಕ್ಟ್‌ಗೆ ಮೇಲ್ಮನವಿ ಸಲ್ಲಿಸಿ. ಹಣ ಕಟ್ಟಿದ ಮೇಲೆ ಆ ದಾರಿ ಮುಚ್ಚುತ್ತದೆ.