ಬೋಟಿಗೆ ಸ್ಟೀರಿಯೋ ಹಾಕ್ಸುದಾ ಬೇಡವಾ? ಓದುಗರ ಪ್ರಶ್ನೆ, ದಕ್ಕೆಯಿಂದ ಉತ್ತರ

ಪ್ರಶ್ನೆ: ಅಣ್ಣ ನಮಸ್ಕಾರ. ಗಂಗೊಳ್ಳಿಯಲ್ಲಿ ಬಲೆ ಎಳ್ಕೊಂಡು ಹೋಗುವ ಟ್ರಾಲ್ ಬೋಟ್ ನಮ್ಮದೊಂದು ಉಂಟು, ಅಪ್ಪ ಹೋದ ಮೇಲೆ ನಾನೇ ನೋಡ್ಕೊಳ್ತಾ ಇದ್ದೇನೆ. ಹೊರಗೆ ಹೋದ್ರೆ 9-10 ದಿನ ವಾಪಸ್ ಬರ್ಲಿಕ್ಕಿಲ್ಲ. ಬೋಟ್ ನಡೆಸುವ ತಂಡೇಲರು ನನ್ನ ಸೋದರಮಾವ, ಕೆಲಸದ ಖಲಾಸಿಗಳು 7 ಜನ, ಅದ್ರಲ್ಲಿ ಮೂರು ಜನ ಒಡಿಶಾದ ಹುಡುಗ್ರು. ಈ ಸಲ ಮಳೆಗಾಲದ ಮೀನುಗಾರಿಕೆ ರಜೆಗೆ ಊರಿಗೆ ಹೋಗುವಾಗ ಅವ್ರೆಲ್ಲ ಸೇರಿ ಹೇಳಿದ್ದು ಒಂದೇ ಮಾತು, ಬೋಟಿಗೊಂದು ಒಳ್ಳೆ ಸ್ಟೀರಿಯೋ ಹಾಕ್ಸಿ ಅಂತ. ಮಾವ ಮಾತ್ರ ಸುತರಾಂ ಒಪ್ಪುದಿಲ್ಲ, "ಹಾಡು ಕೇಳ್ಲಿಕ್ಕೆ ಕಡಲಿಗೆ ಹೋಗುದಾ, ಮೀನೆಲ್ಲ ಓಡಿ ಹೋಗ್ತದೆ" ಅಂತಾರೆ. ಕಾರಿಗೆ ಸೆಟ್ ಹಾಕುವ ಹುಡುಗನ ಹತ್ರ ಕೇಳಿದ್ದಕ್ಕೆ ಎರಡು ಬ್ಯಾಟರಿಯಲ್ಲಿ ಒಂದರಿಂದ ಲೈನ್ ಎಳೆದ್ರೆ ಆಯ್ತು, ಅರ್ಧ ದಿನದ ಕೆಲಸ ಅಂದ. ಆಗಸ್ಟ್ ಒಂದಕ್ಕೆ ಬೋಟ್ ಇಳೀಬೇಕು. ಹಾಕ್ಸುದಾ ಬೇಡವಾ ನೀವೇ ಹೇಳಿ.
— ಓದುಗ, ಗಂಗೊಳ್ಳಿ

ಉತ್ತರ: ತಮ್ಮಾ, ಹಾಕ್ಸು. ಆದ್ರೆ ಆ ಹುಡುಗ ಹೇಳಿದ ಹಾಗೆ ಮಾತ್ರ ಹಾಕ್ಸಬೇಡ, ಮತ್ತೆ ಮಾವನನ್ನು ಬದಿಗಿಟ್ಟೂ ಹಾಕ್ಸಬೇಡ.

ಮೊದಲು ಬ್ಯಾಟರಿ ವಿಷಯ ಹೇಳ್ತೇನೆ, ಯಾಕಂದ್ರೆ ಇಷ್ಟು ವರ್ಷ ದಕ್ಕೆಯಲ್ಲಿ ಬೋಟುಗಳ ವಯರಿಂಗ್ ಮಾಡಿದ್ರಲ್ಲಿ ನಾನು ಅತಿ ಹೆಚ್ಚು ಬೈದದ್ದು ಇದೊಂದೇ ಕೆಲಸಕ್ಕೆ. ನಿಮ್ಮ ಬೋಟಲ್ಲಿ ಎರಡು 12 ವೋಲ್ಟಿನ ಬ್ಯಾಟರಿ ಒಂದರ ಬಾಲಕ್ಕೊಂದು ಜೋಡಿಸಿ 24 ವೋಲ್ಟ್ ಮಾಡಿರ್ತಾರೆ, ಎಂಜಿನ್ ಸ್ಟಾರ್ಟ್ ಆಗುದು ಅದ್ರಲ್ಲಿ. ಕಾರಿನ ಸೆಟ್ 12 ವೋಲ್ಟಿಂದು, ಹಾಗಾಗಿ ಒಂದೇ ಬ್ಯಾಟರಿಯಿಂದ ಲೈನ್ ಎಳೀತಾರೆ, ಹಾಡೂ ಚಂದ ಬರ್ತದೆ, ಎಲ್ರಿಗೂ ಖುಷಿ. ಆದ್ರೆ ಚಾರ್ಜ್ ಆಗುದು ಎರಡೂ ಒಟ್ಟಿಗೆ, ಖಾಲಿ ಆಗುದು ಒಂದೇ. ದಿನಾ ಸ್ವಲ್ಪ ಸ್ವಲ್ಪ ಅಂತ ಒಂದು ಬ್ಯಾಟರಿ ಯಾವತ್ತೂ ಪೂರ್ತಿ ತುಂಬುದೇ ಇಲ್ಲ, ಇನ್ನೊಂದು ಹೆಚ್ಚು ಚಾರ್ಜ್ ತಿಂದು ಕುದ್ದು ನೀರು ಒಣಗಿಸ್ಕೊಳ್ತದೆ, ಕಡೆಗೆ ಎರಡೂ ಹಾಳು. ನಾನೇ ಕಂಡ ಒಂದು ಬೋಟಲ್ಲಿ ಎರಡು ತಿಂಗಳು ಎಂತದೂ ಆಗ್ಲಿಲ್ಲ, ಮೂರನೇ ತಿಂಗಳು ಹೊರಗೆ ಆಂಕರ್ ಹಾಕಿ ಮಲಗಿದವ್ರು ಬೆಳಿಗ್ಗೆ ಎದ್ದು ಕೀ ತಿರುಗಿಸಿದ್ರೆ ಟಕ್ ಅಂತ ಒಂದು ಸದ್ದು, ಅಷ್ಟೇ. ಬೇರೆ ಬೋಟಿನವ್ರು ತಮ್ಮ ಮೀನುಗಾರಿಕೆ ಬಿಟ್ಟು ಹಗ್ಗ ಕಟ್ಟಿ ಎಳ್ಕೊಂಡು ಬಂದ್ರು, ಅವ್ರ ಡೀಸೆಲ್ಲು, ಇವ್ರ ಐಸು, ಹಿಡಿದ ಮೀನು, ಎಲ್ಲ ಒಂದು ತಂತಿಯಿಂದ ಹೋಯ್ತು.

ಹಾಗಾಗಿ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕ್ಲೇಬೇಕು, ಎರಡೂ ಬ್ಯಾಟರಿಯಿಂದ ಸಮ ತಗೊಳ್ತದೆ. ತೀರಾ ಕಡಿಮೆ ರೇಟಿಂದು ಬೇಡ, ಅದು ವಯರ್‌ಲೆಸ್ಸಲ್ಲಿ ಗುಂಯ್ ಅಂತ ಸದ್ದು ಎಬ್ಬಿಸ್ತದೆ. ಹಾಕಿದ ಕೂಡ್ಲೇ ಸ್ಟೀರಿಯೋ ಆನ್ ಮಾಡಿ 16ನೇ ಚಾನೆಲ್ (ಅಪಾಯದ ಕರೆ ಬರುವ ಚಾನೆಲ್) ಕೇಳಿ ನೋಡು, ದೂರದ ಬೋಟಿನ ಮಾತು ಮೊದಲಿನ ಹಾಗೇ ಸ್ಪಷ್ಟ ಬಂದ್ರೆ ಇಟ್ಕೋ, ಇಲ್ಲಾಂದ್ರೆ ಅಂಗಡಿಗೆ ವಾಪಸ್ ಕೊಡು. ಸಾಧ್ಯ ಆದ್ರೆ ಸ್ಟೀರಿಯೋಗೆ ಬೇರೆಯೇ ಬ್ಯಾಟರಿ ಇಡು, ಎಂಜಿನ್ ಬ್ಯಾಟರಿ ಮುಟ್ಟುದೇ ಬೇಡ. ಡಬ್ಬದ ಮೇಲೆ 200 ವ್ಯಾಟ್ ಅಂತ ಬರೆದದ್ದು ನೋಡಿ ಹೆದರಬೇಡ, ಆ ತರದ ಸೆಟ್ ನಿಜಕ್ಕೂ ಕೊಡುದು ಒಂದೊಂದು ಸ್ಪೀಕರಿಗೆ 15-20 ವ್ಯಾಟ್, ಸಾಧಾರಣ ಸೌಂಡಲ್ಲಿ 2-3 ಆಂಪ್ಸ್ ಎಳೀತದೆ ಅಷ್ಟೇ. ರಾತ್ರಿ ಆರು ಗಂಟೆ ಹಾಕಿದ್ರೂ 18 ಆಂಪಿಯರ್-ಅವರ್ ದಾಟುದಿಲ್ಲ. ಅದಕ್ಕೆ ಆಂಪ್ಲಿಫೈಯರ್, ಸಬ್‌ವೂಫರ್ ಸೇರಿಸಿದ್ರೆ ಮಾತ್ರ ಲೆಕ್ಕವೇ ತಪ್ಪಿ ಹೋಗ್ತದೆ, ಅದು ಖಂಡಿತ ಬೇಡ. ಫ್ಯೂಸ್ ಬ್ಯಾಟರಿಯ ಬುಡದಲ್ಲೇ ಇರ್ಬೇಕು, ಸೆಟ್ಟಿನ ಹಿಂದೆ ಒಂದು ಹೇಗೂ ಇರ್ತದೆ ಅದು ಸಾಕು ಅಂತ ಬಿಡಬೇಡ, ಯಾಕಂದ್ರೆ ದಾರಿಯಲ್ಲಿ ತಂತಿ ಉಜ್ಜಿ ಶಾರ್ಟ್ ಆದ್ರೆ ಹಿಂದಿನ ಫ್ಯೂಸಿಗೆ ಗೊತ್ತೇ ಆಗುದಿಲ್ಲ, ಬೆಂಕಿ ಹಿಡಿದ ಮೇಲೆ ಕಡಲ ಮಧ್ಯೆ ಓಡುದೆಲ್ಲಿಗೆ?

ಮತ್ತೆ ಉಪ್ಪು. ಕಾರಿನ ಕಾಗದದ ಕೋನಿನ ಸ್ಪೀಕರ್ ನಮ್ಮ ಉಪ್ಪುಗಾಳಿಗೆ ಒಂದು ಸೀಸನ್ ಬಾಳುದಿಲ್ಲ, ಪ್ಲಾಸ್ಟಿಕ್ ಕೋನಿಂದು, ಐಪಿ66 (ಧೂಳು, ಜೋರಾಗಿ ಹಾರುವ ನೀರು ತಡೀತದೆ ಅನ್ನುವ ಗುರುತು) ಅಥವಾ ಅದಕ್ಕಿಂತ ಮೇಲಿಂದು ತಗೋ. ತಂತಿ ತವರ ಲೇಪ ಇದ್ದದ್ದೇ ಬೇಕು. ಬರೀ ತಾಮ್ರದ ತಂತಿಯ ಒಳಗೆ ಉಪ್ಪುನೀರು ಹತ್ತಿ ಒಂದು ವರ್ಷದಲ್ಲಿ ಕಪ್ಪಾಗಿ ಪುಡಿ ಆಗಿರ್ತದೆ, ಹೊರಗಿಂದ ನೋಡಿದ್ರೆ ಹೊಸತರ ಹಾಗೇ ಕಾಣ್ತದೆ. ನಿಮ್ಮದು ಮರದ್ದಾ ಸ್ಟೀಲಿಂದಾ ನೀನು ಬರೀಲಿಲ್ಲ. ಸ್ಟೀಲ್ ಆದ್ರೆ ಇನ್ನೊಂದು ಮಾತು ಉಂಟು, ಕಾರಿನ ಸೆಟ್ಟಿನ ಮೈಯೇ ಮೈನಸ್, ಅದನ್ನು ಸೀದಾ ಬೋಟಿನ ಕಬ್ಬಿಣಕ್ಕೆ ಸ್ಕ್ರೂ ಮಾಡಿದ್ರೆ ಕರೆಂಟ್ ಬೋಟಿನ ಮೈಯಲ್ಲಿ ಓಡಾಡ್ಲಿಕ್ಕೆ ಶುರು ಆಗ್ತದೆ, ನೀರಿನ ಕೆಳಗಿನ ಕಬ್ಬಿಣ ತಿಂದು ಹೋಗ್ತದೆ. ಮರದ ಹಲಗೆ ಮೇಲೆ ಕೂರಿಸಿ ಎರಡೂ ತಂತಿ ಬೇರೆ ಬೇರೆ ಎಳೆದು ಬ್ಯಾಟರಿ ಕಡೆಗೇ ತಗೊಂಡು ಹೋಗ್ಬೇಕು.

ಸ್ಪೀಕರ್ ಎಲ್ಲಿ ಇಡುದು ಅನ್ನುವುದ್ರಲ್ಲೂ ಅವಸರ ಬೇಡ. ಅದರ ಹಿಂದೆ ಗಟ್ಟಿ ಮ್ಯಾಗ್ನೆಟ್ ಇರ್ತದೆ, ಕಂಪಾಸಿನ ಹತ್ರ ಇಟ್ರೆ ಮುಳ್ಳು ಸುಳ್ಳು ಹೇಳ್ತದೆ. ಜಿಪಿಎಸ್ ಉಂಟಲ್ಲ ಅಂತ ಕಂಪಾಸ್ ಯಾರೂ ನೋಡುದಿಲ್ಲ, ಜಿಪಿಎಸ್ ಕೆಟ್ಟ ದಿನ ನೋಡುದು ಅದನ್ನೇ. ಸ್ಕ್ರೂ ಹೊಡೆಯುವ ಮೊದ್ಲು ಸ್ಪೀಕರ್ ಕೈಯಲ್ಲಿ ಹಿಡಿದು ಆ ಜಾಗಕ್ಕೆ ತಂದು ನೋಡಿ, ಮುಳ್ಳು ಕೂದಲೆಳೆ ಅಲುಗಿದ್ರೂ ಅಲ್ಲಿ ಬೇಡ, ಒಂದು ಮೀಟರ್ ಆದ್ರೂ ದೂರ ಇರ್ಲಿ. ಕ್ಯಾಬಿನ್ನಿಗೊಂದು ಜೊತೆ, ಹಿಂದೆ ಮೀನು ಆರಿಸುವ ಡೆಕ್ಕಿಗೊಂದು ಜೊತೆ ಹಾಕಿ ಎರಡಕ್ಕೂ ಬೇರೆ ಬೇರೆ ಕಂಟ್ರೋಲ್ ಕೊಡ್ಸು. ಬಲೆ ಎಳೆದು ಮೀನು ಆರಿಸಿ ಐಸಿಗೆ ಹಾಕಿ ಮುಂದಿನ ಬಲೆ ತನಕ ಸಿಗುವ ಎರಡು ಮೂರು ಗಂಟೆಯೇ ಆ ಹುಡುಗ್ರ ನಿದ್ದೆ, ಅವ್ರು ಮಲಗುವ ಬಂಕಿನ ಗೋಡೆಗೆ ಮಾತ್ರ ಸ್ಪೀಕರ್ ಹೊಡೀಬೇಡಿ ದಯವಿಟ್ಟು.

ಮೀನು ಓಡ್ತದಾ? ಮಾವನಿಗೆ ಹೀಗೆ ಹೇಳು. ಗಾಳಿಯ ಸದ್ದು ನೀರೊಳಗೆ ಇಳೀಲಿಕ್ಕೆ ತುಂಬಾ ಕಷ್ಟ, ಸಾವಿರದಲ್ಲಿ ಒಂದು ಪಾಲು ಶಕ್ತಿ ಇಳಿದ್ರೆ ಹೆಚ್ಚು, ಉಳಿದದ್ದು ನೀರಿನ ಮೇಲೆ ತಾಗಿ ವಾಪಸ್. ನಿಮ್ಮ ಎಂಜಿನ್ನು, ನೀರಡಿಯ ಫ್ಯಾನು (ಪ್ರೊಪೆಲ್ಲರ್), ಅಡಿಯಲ್ಲಿ ಉಜ್ಜಿಕೊಂಡು ಬರುವ ಬಲೆಯ ಬೋರ್ಡು, ಇವು ನೀರೊಳಗೇ ಸದ್ದು ಮಾಡುವಂಥವು, ಅದ್ರ ಎದುರು ಹಾಡು ಲೆಕ್ಕಕ್ಕಿಲ್ಲ. ಆದ್ರೆ ಮಾವನ ಮಾತು ಪೂರ್ತಿ ಸುಳ್ಳೂ ಅಲ್ಲ, ಸ್ಪೀಕರನ್ನು ಬೋಟಿನ ಹಲಗೆಗೇ ಬಿಗಿದ್ರೆ ಆ ದಡ್ ದಡ್ ನೇರ ಮರದ ಮೂಲಕ ನೀರಿಗೆ ಹೋಗ್ತದೆ, ಬೂತಾಯಿ ಜಾತಿಯ ಮೀನಿನ ಕಿವಿ ಬಹಳ ಚುರುಕು. ನಡುವೆ ದಪ್ಪ ರಬ್ಬರ್ ಇಡ್ಸು. ಟ್ರಾಲಿಗೆ ಇಷ್ಟು ಸಾಕು, ಪರ್ಸೀನ್ ಬೋಟಾದ್ರೆ ಮೀನಿನ ಗುಂಪಿಗೆ ಬಲೆ ಸುತ್ತುವಾಗ ಬಂದ್ ಮಾಡಿ ಅಂತ್ಲೇ ಹೇಳ್ತಿದ್ದೆ.

ನನಗೆ ಅನ್ನಿಸುದು ಮಾವ ಬಾಯಲ್ಲಿ ಮೀನು ಅಂದ್ರೂ ಅವ್ರ ಹೆದರಿಕೆ ಮೀನಿಂದಲ್ಲ ತಮ್ಮಾ. ತಂಡೇಲ ಅಂದ್ರೆ ಕಣ್ಣಿಗಿಂತ ಹೆಚ್ಚು ಕಿವಿಯಲ್ಲಿ ಬೋಟ್ ನಡೆಸುವವ್ರು. ಎಂಜಿನ್ನಿನ ಸದ್ದು ಒಂದು ಎಳೆ ದಪ್ಪ ಆದ್ರೆ ಬಲೆ ಎಲ್ಲೋ ಸಿಕ್ಕಿದೆ ಅಂತ ಅವ್ರಿಗೆ ಗೊತ್ತಾಗ್ತದೆ, ಬಲೆ ಎಳೆಯುವ ವಿಂಚಿನ ರೋಪ್ ಕಿರ್ ಅಂದ್ರೆ ಕೂಡ್ಲೇ ಕೈ ಎತ್ತಿ ನಿಲ್ಲಿಸ್ತಾರೆ, ಹಿಂದೆ ಯಾರಾದ್ರೂ ಕಿರುಚಿದ್ರೆ ಓಡ್ತಾರೆ. ಅದ್ರ ಮೇಲೆ ಹಾಡಿನ ಗದ್ದಲ ಬಿದ್ರೆ ಅವ್ರಿಗೆ ಕಣ್ಣು ಕಟ್ಟಿದ ಹಾಗೆ. ಮತ್ತೆ ವಯರ್‌ಲೆಸ್ಸು. 2017ರ ನವೆಂಬರ್ ಕಡೆಗೆ ಓಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ಎಷ್ಟೋ ಬೋಟುಗಳು ಆಗ್ಲೇ ಹೊರಗೆ ದೂರ ಹೋಗಿದ್ವು, ಎಚ್ಚರಿಕೆ ಅವ್ರಿಗೆ ಮುಟ್ಟಲೇ ಇಲ್ಲ. ಅವ್ರಿಗೆ ಮುಟ್ಟದೇ ಹೋಯ್ತು, ನಮಗೆ ಮುಟ್ಟಿಯೂ ಕೇಳದೇ ಹೋದ್ರೆ ಮನೆಯವ್ರಿಗೆ ಎಂತ ಉತ್ತರ ಕೊಡುದು?

ಅದಕ್ಕೆ ನಾನು ಮಾಡುದು ಹೀಗೆ. ಸ್ಟೀರಿಯೋ ತರುವ ಮೊದ್ಲು ಅದೇ ದುಡ್ಡಲ್ಲಿ ವಯರ್‌ಲೆಸ್ಸಿಗೆ ಒಂದು ಹೊರಗಿನ ಸ್ಪೀಕರ್ ತಗೊಂಡು ಡೆಕ್ಕಿಗೆ ಹಾಕು, ಕ್ಯಾಬಿನ್ನಿನ ಹೊರಗೆ ಇದ್ದವ್ರಿಗೂ ಕರೆ ಕೇಳ್ಬೇಕು. ಆಮೇಲೆ ಸ್ಟೀರಿಯೋ ತಗೊಳ್ಳುವಾಗ ಹಿಂದೆ ಮ್ಯೂಟ್ ತಂತಿ ಇದ್ದದ್ದೇ ನೋಡಿ ತಗೋ, ತುಂಬಾ ಸೆಟ್ಟಲ್ಲಿ ಇರ್ತದೆ, ಅದನ್ನು ಮೈನಸ್ಸಿಗೆ ಮುಟ್ಟಿಸಿದ್ರೆ ಹಾಡು ಬಂದ್. ಆ ತಂತಿಗೆ ಒಂದು ದೊಡ್ಡ ಸ್ವಿಚ್ ಹಾಕಿ ಮಾವನ ಕೈಗೆ ಸಿಗುವ ಹಾಗೆ ಸ್ಟಿಯರಿಂಗ್ ಪಕ್ಕ ಕೂರಿಸು, ಇನ್ನೊಂದು ಸಣ್ಣ ಸ್ವಿಚ್ ವಿಂಚಿನ ಲಿವರಿನ ಹತ್ರ ಇರ್ಲಿ, ಲಿವರ್ ಹಾಕಿದ ಕೂಡ್ಲೇ ತಾನಾಗಿ ಸದ್ದು ನಿಲ್ಬೇಕು, ಯಾರೂ ನೆನಪಿಟ್ಟುಕೊಳ್ಳುವ ಕೆಲಸವೇ ಇರಬಾರ್ದು. ಅಳಿವೆ ಬಾಗಿಲು ದಾಟುವಾಗ, ಬಲೆ ಬಿಡುವಾಗ, ಎಳೆಯುವಾಗ, ಮಂಜು ಅಥವಾ ಮಳೆ ಮುಸುಕಿದಾಗ ಹಾಡಿಲ್ಲ, ಮಾವ ಸ್ವಿಚ್ ಒತ್ತಿದ್ರೆ ಅದೇ ಕಡೆ ಮಾತು. ಇದನ್ನು ಮಾವನ ಎದುರೇ ಖಲಾಸಿಗಳಿಗೆ ಹೇಳು. ಸ್ಟೀರಿಯೋ ಬೇಡ ಅಂದವ್ರಿಗೇ ಸ್ಟೀರಿಯೋದ ಯಜಮಾನಿಕೆ ಕೊಟ್ರೆ ಅವ್ರು ಒಪ್ತಾರೆ ನೋಡು.

ಖರ್ಚು ಖಲಾಸಿಗಳ ಪಾಲಲ್ಲಿ ಕಡಿಯುವ ಯೋಚನೆ ಇದ್ರೆ ಬಿಡು. ಐಸು, ಡೀಸೆಲ್ಲು, ರೇಷನ್ನು ಅಂತ ಕಳೆದು ಉಳಿದದ್ದೇ ಅವ್ರಿಗೆ ಬರುದು. ಹತ್ತು ದಿನ ನೆಲ ಕಾಣದೆ, ಮನೆಯ ಫೋನಿಲ್ಲದೆ, ನಮ್ಮ ಭಾಷೆಯೂ ಸರಿ ಬಾರದೆ ಕೆಲಸ ಮಾಡುವ ಒಡಿಶಾದ ಹುಡುಗನಿಗೆ ಮೀನು ಆರಿಸುವಾಗ ಅವನ ಊರಿನ ಒಂದು ಹಾಡು ಕೇಳುದು ಎಷ್ಟು ದೊಡ್ಡದು ಅಂತ ದಡದಲ್ಲಿ ಕೂತ ನಮಗೆ ಗೊತ್ತಾಗುದಿಲ್ಲ. ಪೆನ್‌ಡ್ರೈವಲ್ಲಿ ಅವ್ರ ಹಾಡಿಗೂ ಜಾಗ ಇಡು.

ಪ್ರಶ್ನೆ: ನಮ್ಮದು ಔಟ್‌ಬೋರ್ಡ್ ಎಂಜಿನಿನ ನಾಡದೋಣಿ, ಬೆಳಗಿನ ಜಾವ ಹೋಗಿ ಮಧ್ಯಾಹ್ನ ಬರುದು. ಎಂಜಿನ್ನಿಂದ ಲೈನ್ ತೆಗೆದು ಸಣ್ಣ ಸೆಟ್ ಹಾಕ್ಬಹುದಾ?
— ಓದುಗ, ಉಪ್ಪುಂದ

ಉತ್ತರ: ಬೇಡ ಅಣ್ಣ. ತೆರೆದ ದೋಣಿ, ಮೇಲಿಂದ ನೀರು ಹಾರ್ತಾನೇ ಇರ್ತದೆ, ಕಾಲ ಬುಡದಲ್ಲಿ ಪೆಟ್ರೋಲು ಸೀಮೆಎಣ್ಣೆ, ಅಲ್ಲಿ ವಯರ್ ಎಳೆಯುದೇ ಬೇಡ. ಚಾರ್ಜ್ ಮಾಡುವ ಬ್ಲೂಟೂತ್ ಸ್ಪೀಕರ್ ಸಾಕು, ಐಪಿಎಕ್ಸ್7 ಅಂತ ಬರೆದದ್ದು ನೋಡಿ ತಗೊಳ್ಳಿ, ಒಂದು ಮೀಟರ್ ನೀರಲ್ಲಿ 30 ನಿಮಿಷ ಮುಳುಗಿದ್ರೂ ತಡೀತದೆ ಅಂತ ಅರ್ಥ. ಆದ್ರೆ ಆ ಪರೀಕ್ಷೆ ಸಿಹಿನೀರಲ್ಲಿ ಮಾಡಿದ್ದು, ಹಾಗಾಗಿ ದಿನಾ ಮನೆಗೆ ಬಂದು ಬಾವಿ ನೀರಲ್ಲಿ ತೊಳೆದು ಒರೆಸಿ ಇಡಿ. ಮೆಮೊರಿ ಕಾರ್ಡ್ ಹಾಕುವ ಸ್ಪೀಕರಾದ್ರೆ ಇನ್ನೂ ಒಳ್ಳೇದು, ಹಾಡಿಗೋಸ್ಕರ ಮೊಬೈಲ್ ಚಾರ್ಜ್ ಖಾಲಿ ಮಾಡಬೇಡಿ, ಅದು 1554 ಅಥವಾ 1093ಕ್ಕೆ ಫೋನ್ ಮಾಡ್ಲಿಕ್ಕೆ ಇರ್ಬೇಕು. ಮೊದಲನೇದು ಕೋಸ್ಟ್ ಗಾರ್ಡ್, ಎರಡನೇದು ಕರಾವಳಿ ಕಾವಲು ಪೊಲೀಸ್.

ಪ್ರಶ್ನೆ: ಸರ್, ನನ್ನ ಗಂಡ 18 ವರ್ಷದಿಂದ ಬೋಟಲ್ಲಿ ಎಂಜಿನ್ ನೋಡ್ಕೊಳ್ಳುದು. ಈಗೀಗ ಮನೆಗೆ ಬಂದ್ರೆ ಟಿವಿ ಸೌಂಡ್ ಜೋರು ಇಡ್ತಾರೆ, ಮಗಳು ಮಾತಾಡಿದ್ರೆ "ಎಂತ, ಎಂತ" ಅಂತಾರೆ. ಬೋಟಲ್ಲಿ ಹೋದ ವರ್ಷ ದೊಡ್ಡ ಸ್ಪೀಕರ್ ಹಾಕಿದ್ದಾರೆ, ಅದ್ರಿಂದ ಹೀಗಾಯ್ತಾ?
— ಓದುಗಿ, ಮಲ್ಪೆ

ಉತ್ತರ: ತಂಗಿ, ಒಂದು ವರ್ಷದ ಸ್ಪೀಕರಿಗಿಂತ 18 ವರ್ಷದ ಎಂಜಿನ್ ಮೇಲೆಯೇ ನನಗೆ ಅನುಮಾನ ಹೆಚ್ಚು. ಆದ್ರೆ ಸ್ಪೀಕರ್ ಅದಕ್ಕೆ ತುಪ್ಪ ಸುರೀತದೆ. ಎಂಜಿನ್ ಸದ್ದನ್ನು ಮೀರಿ ಹಾಡು ಕೇಳ್ಬೇಕಾದ್ರೆ ಅದಕ್ಕಿಂತ ಜೋರು ಇಡ್ಲೇಬೇಕಲ್ಲ. ಕಿವಿಗೆ 85 ಡೆಸಿಬೆಲ್ ಸದ್ದು ದಿನಕ್ಕೆ 8 ಗಂಟೆ ತನಕ ಸರಿ ಅಂತ ಒಂದು ಲೆಕ್ಕ ಉಂಟು, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದ ಹಾಗೆ ಆ ಹೊತ್ತು ಅರ್ಧ ಆಗ್ತದೆ, 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಬಂದ್ರೆ ಕಾಲು ಗಂಟೆ ಮಾತ್ರ. ಎಂಜಿನ್ ರೂಮಿನೊಳಗೆ ಪಕ್ಕದವನ ಕಿವಿಗೆ ಬಾಯಿಟ್ಟು ಕೂಗಬೇಕಾಗ್ತದೆ, ಅಷ್ಟರಲ್ಲೇ ತಿಳ್ಕೊಳ್ಳಿ ಅಲ್ಲಿನ ಸದ್ದು ಎಷ್ಟು ಅಂತ.

ಸದ್ದಿನಿಂದ ಹಾಳಾದ ಕಿವಿ ಮೊದಲು ಕಳಕೊಳ್ಳುದು ಸಪೂರ ಸ್ವರಗಳನ್ನು. ಅದಕ್ಕೇ ದೊಡ್ಡವರ ದಪ್ಪ ಸ್ವರ ಕೇಳ್ತದೆ, ಮಗಳ ಮಾತು ಸದ್ದಾಗಿ ಕೇಳ್ತದೆ ಆದ್ರೆ ಸ, ಶ, ತ ಇಂಥ ಅಕ್ಷರ ಬಿಟ್ಟು ಹೋಗಿ ಅರ್ಥ ಆಗುದಿಲ್ಲ. ಅಪ್ಪ ಉದಾಸೀನ ಮಾಡ್ತಾರೆ ಅಂತ ಮಗಳಿಗೆ ಅನ್ನಿಸ್ಬಾರ್ದು, ಅವಳಿಗೆ ಇದನ್ನು ಹೇಳಿ, ಎದುರು ಬಂದು ಮುಖ ಕಾಣುವ ಹಾಗೆ ನಿಧಾನ ಮಾತಾಡ್ಲಿಕ್ಕೆ ಹೇಳಿ. ಈ ರಜೆಯಲ್ಲೇ ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಆಡಿಯೋಮೆಟ್ರಿ ಮಾಡ್ಸಿ, ನೋವಿಲ್ಲದ ಪರೀಕ್ಷೆ, ಕಿವಿಗೆ ಹೆಡ್‌ಫೋನ್ ಇಟ್ಟು ಸಣ್ಣ ಸಣ್ಣ ಸದ್ದು ಕೇಳಿಸ್ತಾರೆ. ಕೆಲವೊಮ್ಮೆ ಬರೀ ಗುಗ್ಗೆ ತುಂಬಿಯೂ ಹೀಗಾಗುದುಂಟು, ಅದಾದ್ರೆ ಬಹಳ ಸುಲಭ. ಸದ್ದಿನಿಂದಲೇ ಹೋದದ್ದಾದ್ರೆ ಹೋದಷ್ಟು ವಾಪಸ್ ಬರುದಿಲ್ಲ, ಉಳಿದದ್ದನ್ನು ಉಳಿಸ್ಬಹುದು, ಬೇಕಾದ್ರೆ ಕಿವಿಯ ಮಿಷನ್ ಕೂಡ ಉಂಟು.

ಬೋಟಿನ ಯಜಮಾನ್ರ ಹತ್ರ ಒಂದು ಇಯರ್‌ಮಫ್ ಕೇಳಿ, ಕೊಡದಿದ್ರೆ ನೀವೇ ತಂದ್ಕೊಡಿ. ಅದನ್ನು ಅವ್ರ ಬ್ಯಾಗಲ್ಲಿ ಇಟ್ರೆ ಅಲ್ಲೇ ಉಳೀತದೆ, ಎಂಜಿನ್ ರೂಮಿಗೆ ಇಳಿಯುವ ಬಾಗಿಲ ಹತ್ರ ಒಂದು ಮೊಳೆ ಹೊಡೆದು ನೇತು ಹಾಕ್ಲಿಕ್ಕೆ ಹೇಳಿ, ತಲೆ ತಗ್ಗಿಸಿ ಇಳಿಯುವಾಗ ಹಣೆಗೆ ತಾಗ್ಬೇಕು.