ಕಾರಿಲ್ಲದೆ ಬ್ಲ್ಯಾಕ್ ಫಾರೆಸ್ಟ್: ಬಸ್ಸು ಹತ್ತಿ ಕಾಡು ನಡೆಯುವವರ ಪ್ರಶ್ನೆಗಳು

ಜರ್ಮನಿಯ ನೈಋತ್ಯ ಮೂಲೆಯ ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಕಾರಿಲ್ಲದೆ ಚಾರಣ ಮಾಡೋದು ಹೇಗೆ ಅಂತ ಹಲವರು ಕೇಳಿದ್ದಾರೆ. ಹೆಚ್ಚು ಜನರಿಗೆ ಉಪಯೋಗ ಆಗುವಂಥ ಪ್ರಶ್ನೆಗಳನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಗಳು ಫ್ರೈಬುರ್ಗ್‌ನಲ್ಲಿ ಓದುತ್ತಿದ್ದಾಳೆ. ಜೂನ್‌ನಲ್ಲಿ ನಾವಿಬ್ಬರೂ ಹೊರಟಿದ್ದೇವೆ. ಅರವತ್ತು ದಾಟಿದೆ, ಆದರೆ ನಡೆಯೋಕೆ ತೊಂದರೆ ಏನಿಲ್ಲ. ಅಲ್ಲಿ ಕಾರು ಓಡಿಸುವ ಧೈರ್ಯ ಮಾತ್ರ ಇಲ್ಲ. ಕಾರಿಲ್ಲದೆ ಆ ಕಾಡು ನೋಡೋಕೆ ಆಗೋದಿಲ್ಲ ಅಂತಾರೆ ಎಲ್ಲರೂ. ನಿಜಾನಾ?

ಖಂಡಿತ ಇಲ್ಲ. ನಡೆಯೋಕೆ ಅಂತಲೇ ಹೋಗುವವರಿಗೆ ಕಾರು ಇಲ್ಲದಿರೋದೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಕಾರಲ್ಲಿ ಹೋದರೆ ಅದನ್ನು ನಿಲ್ಲಿಸಿದ ಜಾಗಕ್ಕೇ ವಾಪಸ್ ಬರಬೇಕು. ಅರ್ಧ ದಾರಿ ನಡೆದ ಮೇಲೆ ಮನಸ್ಸೆಲ್ಲ ಹಿಂದಕ್ಕೆ ತಿರುಗೋದರಲ್ಲೇ ಇರುತ್ತೆ. ಬಸ್ಸಲ್ಲಿ ಹೋದವರಿಗೆ ಆ ಕಟ್ಟುಪಾಡಿಲ್ಲ, ಗುಡ್ಡದ ಈ ಕಡೆ ಹತ್ತಿ ಆ ಕಡೆ ಇಳಿದು ಹೋಗಬಹುದು.

ನಾನು ಹೇಳೋದು ಇಷ್ಟೇ: ಬಸ್ಸಲ್ಲಿ ಮೇಲೆ ಹೋಗಿ, ನಡೆದು ಇಳಿಯಿರಿ, ರೈಲಲ್ಲಿ ವಾಪಸ್ ಬನ್ನಿ. ಬೆಟ್ಟದ ಮೇಲಿನ ಬಸ್ಸುಗಳು ಕಡಿಮೆ, ಸಂಜೆ ಬೇಗ ನಿಂತುಹೋಗುತ್ತವೆ. ರೈಲು ಹಾಗಲ್ಲ, ಕತ್ತಲಾದ ಮೇಲೂ ಇರುತ್ತೆ. ಅದಕ್ಕೇ ಬೆಳಗ್ಗೆ ಬಸ್ಸು, ಸಂಜೆ ರೈಲು. ಉಲ್ಟಾ ಮಾಡಿದರೆ ಇಡೀ ದಿನ ಗಡಿಯಾರ ನೋಡಿಕೊಂಡೇ ನಡೀಬೇಕು.

ನಿಮಗೆ ಮೊದಲ ದಿನಕ್ಕೆ ಫೆಲ್ಡ್‌ಬರ್ಗ್ ಹೇಳುತ್ತೇನೆ. 1,493 ಮೀಟರ್, ಈ ಕಾಡುಸೀಮೆಯ ಅತಿ ಎತ್ತರದ ಬೆಟ್ಟ. ಫ್ರೈಬುರ್ಗ್‌ನಿಂದ ಕಣಿವೆ ಹತ್ತಿ ಹೋಗುವ ರೈಲಿನಲ್ಲಿ ಟಿಟಿಸೀ ಊರು ದಾಟಿ ಫೆಲ್ಡ್‌ಬರ್ಗ್-ಬೇರೆನ್‌ಟಾಲ್ ಅನ್ನೋ ನಿಲ್ದಾಣದಲ್ಲಿ ಇಳಿಯಿರಿ. ಪುಟ್ಟ ನಿಲ್ದಾಣ, ಆದರೆ 967 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಬಸ್ಸು ಫೆಲ್ಡ್‌ಬರ್ಗರ್ ಹೋಫ್ ಹೋಟೆಲ್‌ವರೆಗೆ ಬಿಡುತ್ತೆ, ಅಂದರೆ ಸುಮಾರು 300 ಮೀಟರ್ ಏರು ಬಸ್ಸಿನ ಪಾಲಿಗೆ ಹೋಯಿತು. ಉಳಿದ ಏರು ಮರಗಳಿಲ್ಲದ ಹುಲ್ಲುಬೆಟ್ಟದ ಮೇಲೆ, ಸುಸ್ತಾದರೆ ಕೂತು ಹೋಗಬಹುದು. ಗಾಳಿ ಮಾತ್ರ ಜೂನ್‌ನಲ್ಲೂ ಚಳಿ ಹಿಡಿಸುತ್ತೆ, ಜಾಕೆಟ್ ಬೇಕೇ ಬೇಕು. ಆಕಾಶ ಶುಭ್ರವಾಗಿದ್ದರೆ ದಕ್ಷಿಣಕ್ಕೆ ಆಲ್ಪ್ಸ್ ಸಾಲು ಕಾಣುತ್ತೆ. ತುದಿಯಿಂದ ಫೆಲ್ಡ್‌ಸೀ ಕೆರೆಗೆ ಇಳಿಯಿರಿ. ಹಿಮನದಿ ಕೊರೆದ ಬೋಗುಣಿಯಂಥ ಜಾಗ ಅದು, ಮೂರು ಕಡೆ ಬಂಡೆಗೋಡೆ, ಅದರ ತುಂಬ ಫರ್ ಮರಗಳು. ಸಂರಕ್ಷಿತ ಕೆರೆ, ನೀರಿಗೆ ಇಳಿಯುವಂತಿಲ್ಲ. ಇಳಿಯುವ ದಾರಿಯಲ್ಲಿ ಬೇರು, ಕಲ್ಲು ಜಾಸ್ತಿ, ಮಳೆ ಬಿದ್ದಿದ್ದರೆ ಜಾರುತ್ತೆ. ಮೊಣಕಾಲು ನೋವಿರುವವರು ಕೋಲು ತಗೊಂಡು ಹೋಗಿ. ಕೆರೆಯಿಂದ ಮುಂದೆ ಕಾಡಿನ ಅಗಲ ದಾರಿ, ಆರಾಮಾಗಿ ನಡೆದರೆ ಬೆಳಗ್ಗೆ ಇಳಿದ ಬೇರೆನ್‌ಟಾಲ್ ನಿಲ್ದಾಣವೇ ಸಿಗುತ್ತೆ.

ಪ್ರಶ್ನೆ: ಟಿಕೆಟ್‌ಗಳ ಹೆಸರು ಕೇಳಿದರೇ ತಲೆ ತಿರುಗುತ್ತೆ. ಕೊನುಸ್ ಕಾರ್ಡ್ ತಗೋಬೇಕಾ, ಡಾಯ್ಚ್‌ಲಾಂಡ್ ಟಿಕೆಟ್ ತಗೋಬೇಕಾ?

ಎಲ್ಲಿ ಮಲಗುತ್ತೀರಿ ಅನ್ನೋದರ ಮೇಲೆ ಹೋಗುತ್ತೆ.

ಕೊನುಸ್ ಕಾರ್ಡನ್ನು ಅಂಗಡಿಯಲ್ಲಿ ಮಾರೋದಿಲ್ಲ. ಆ ಯೋಜನೆಗೆ ಸೇರಿದ ಊರಲ್ಲಿ ಹೋಟೆಲ್ಲೋ ಹೋಮ್‌ಸ್ಟೇನೋ ಹಿಡಿದು ರಾತ್ರಿ ತಂಗಿದರೆ ಅಲ್ಲಿನವರೇ ಕೊಡುತ್ತಾರೆ. ಪ್ರವಾಸಿಗರಿಂದ ದಿನಕ್ಕೆ ಇಷ್ಟು ಅಂತ ಊರು ವಸೂಲಿ ಮಾಡುವ ತೆರಿಗೆಯಲ್ಲೇ ಅದರ ಖರ್ಚು ಸೇರಿರುತ್ತೆ. ಕಾರ್ಡ್ ಇದ್ದರೆ ಆ ಪ್ರದೇಶದ ಬಸ್ಸು, ಲೋಕಲ್ ರೈಲು ಎಲ್ಲ ಉಚಿತ. ಇಂಟರ್‌ಸಿಟಿ, ಐಸಿಇ ಥರದ ದೂರದ ರೈಲಿಗೆ ಮಾತ್ರ ನಡೆಯೋದಿಲ್ಲ. ಎಲ್ಲಾ ಊರುಗಳೂ ಈ ಯೋಜನೆಯಲ್ಲಿಲ್ಲ, ಹಾಗಾಗಿ ರೂಮು ಬುಕ್ ಮಾಡುವ ಮೊದಲೇ "ಕೊನುಸ್ ಕೊಡ್ತೀರಾ" ಅಂತ ಒಂದು ಮೇಲ್ ಹಾಕಿ ಕೇಳಿ.

ಮೇಲಿನ ಪ್ರಶ್ನೆಯ ದಂಪತಿಯ ಹಾಗೆ ಮಕ್ಕಳ ಮನೆಯಲ್ಲೇ ಉಳಿಯುವವರಿಗೆ ಡಾಯ್ಚ್‌ಲಾಂಡ್ ಟಿಕೆಟ್ ನೋಡಬಹುದು. ಇಡೀ ದೇಶದ ಬಸ್ಸು, ಲೋಕಲ್ ರೈಲಿಗೆ ಒಂದೇ ತಿಂಗಳ ಪಾಸು. 2023ರ ಮೇನಲ್ಲಿ 49 ಯೂರೊಗೆ ಶುರುವಾಗಿದ್ದು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಒಂದು ವಿಷಯ ಮರೀಬೇಡಿ: ಇದು ಚಂದಾ ಇದ್ದ ಹಾಗೆ, ತಾನಾಗೇ ಮುಂದುವರಿಯುತ್ತೆ. ಆ ತಿಂಗಳಿಗೇ ನಿಲ್ಲಿಸಬೇಕಂದರೆ 10ನೇ ತಾರೀಕಿನೊಳಗೆ ರದ್ದು ಮಾಡಬೇಕು. ಒಂದೆರಡೇ ದಿನ ಸುತ್ತುವವರಿಗೆ, ಅದರಲ್ಲೂ ನಾಲ್ಕೈದು ಜನ ಒಟ್ಟಿಗೆ ಇದ್ದರೆ, ಬ್ಲ್ಯಾಕ್ ಫಾರೆಸ್ಟ್ ಇರುವ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದ ದಿನದ ಟಿಕೆಟ್ ಲಾಭ. ಒಂದರಲ್ಲಿ ಐದು ಜನ ಹೋಗಬಹುದು, ಆದರೆ ವಾರದ ದಿನಗಳಲ್ಲಿ ಬೆಳಗ್ಗೆ 9ರ ನಂತರ ಮಾತ್ರ.

ಪ್ರಶ್ನೆ: ಆಗಸ್ಟ್‌ನಲ್ಲಿ ಹೋಗಿದ್ದೆವು. ಸ್ಟಾಪಿನಲ್ಲಿ ಅಂಟಿಸಿದ್ದ ವೇಳಾಪಟ್ಟಿಯಲ್ಲಿ ಬಸ್ಸಿತ್ತು. ಒಂದು ಗಂಟೆ ಕಾದರೂ ಬರಲಿಲ್ಲ. ಅಷ್ಟು ಶಿಸ್ತಿನ ದೇಶದಲ್ಲಿ ಹೀಗ್ಯಾಕೆ?

ಆ ಸಾಲಿನ ನೆತ್ತಿಯ ಮೇಲೆ ಎಸ್ ಅನ್ನೋ ಅಕ್ಷರವೋ, ಇನ್ಯಾವುದೋ ಸಣ್ಣ ಗುರುತೋ ಇತ್ತಾ? ಇದ್ದಿರಬೇಕು. ಹಳ್ಳಿಗಾಡಿನ ಎಷ್ಟೋ ಬಸ್ಸುಗಳು ಮುಖ್ಯವಾಗಿ ಶಾಲೆ ಮಕ್ಕಳಿಗೋಸ್ಕರ ಓಡುತ್ತವೆ. ಶಾಲೆ ಇದ್ದ ದಿನ ಮಾತ್ರ ಬಸ್ಸು ಅನ್ನೋದಕ್ಕೆ ಆ ಗುರುತು, ಅರ್ಥ ಪಟ್ಟಿಯ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತೆ. ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ಬೇಸಿಗೆ ರಜೆ ಜುಲೈ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಎರಡನೇ ವಾರದ ಹೊತ್ತಿಗೆ ಮುಗಿಯುತ್ತೆ. ನೀವು ಹೋಗಿದ್ದು ರಜೆಯ ನಟ್ಟನಡುವೆ. ಪ್ರವಾಸಿಗರು ಜಾಸ್ತಿ ಬರುವ ಹೊತ್ತಲ್ಲೇ ಕೆಲವು ಬಸ್ಸು ಇರೋದಿಲ್ಲ ಅನ್ನೋದು ನನಗೂ ಬೇಸರದ ವಿಷಯ.

ಪಟ್ಟಿ ಓದುವಾಗ ಮೊದಲು ದಿನ ನೋಡಿ, ಆಮೇಲೆ ಗಂಟೆ ನೋಡಿ. ಸೋಮವಾರದಿಂದ ಶುಕ್ರವಾರ ಒಂದು ಕಾಲಂ, ಶನಿವಾರ ಇನ್ನೊಂದು, ಭಾನುವಾರ ಮತ್ತು ಹಬ್ಬದ ದಿನ ಮತ್ತೊಂದು. ಗುರುವಾರ ಸರ್ಕಾರಿ ರಜೆ ಬಿದ್ದರೆ ಅವತ್ತು ಭಾನುವಾರದ ಕಾಲಮ್ಮೇ ಲೆಕ್ಕ. ಫೋನಿನ ಗುರುತು ಇದ್ದರೆ ಅದು ಕರೆದರೆ ಮಾತ್ರ ಬರುವ ಬಸ್ಸು, ರೂಫ್‌ಬುಸ್ ಅಂತಾರೆ. ಹೊರಡುವ ಸಾಕಷ್ಟು ಮುಂಚೆ ಫೋನ್ ಮಾಡಿ ಹೇಳದಿದ್ದರೆ ಸ್ಟಾಪಿಗೆ ಬರೋದೇ ಇಲ್ಲ. ಇದೆಲ್ಲ ಗೋಜಲು ಅನ್ನಿಸಿದರೆ ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಹೋಗುವ ತಾರೀಕನ್ನೇ ಹಾಕಿ ಹುಡುಕಿ. ಸುಮ್ನೆ ಇವತ್ತಿನ ದಿನ ಹಾಕಿ ನೋಡಿಕೊಂಡು ಭಾನುವಾರ ಹೊರಟರೆ ಮೋಸ ಹೋಗುತ್ತೀರಿ.

ಪ್ರಶ್ನೆ: ಜರ್ಮನ್ ಬರೋದಿಲ್ಲ. ಕಾಡಲ್ಲಿ ದಾರಿ ತಪ್ಪಿದರೆ?

ತಪ್ಪೋದು ಕಷ್ಟ. 1864ರಲ್ಲಿ ಶುರುವಾದ ಷ್ವಾರ್ಟ್ಸ್‌ವಾಲ್ಡ್‌ಫೆರೈನ್ ಅನ್ನೋ ಚಾರಣಿಗರ ಸಂಘ ಸುಮಾರು 24,000 ಕಿಲೋಮೀಟರ್ ಕಾಲುದಾರಿಗೆ ಗುರುತು ಹಾಕಿ ಕಾಪಾಡಿಕೊಂಡು ಬಂದಿದೆ. ಸ್ವಯಂಸೇವಕರೇ ನಡೆದು, ಅಳಿಸಿದ ಗುರುತು ಸರಿಪಡಿಸುತ್ತಾರೆ, ಅವರ ಬಗ್ಗೆ ನನಗೆ ತುಂಬಾ ಗೌರವ. ವಜ್ರದಾಕಾರದ ಗುರುತು ನೋಡಿಕೊಳ್ಳಿ. ಹಳದಿ ಅಂದರೆ ಆ ಊರಿನ ಸುತ್ತಮುತ್ತಲ ದಾರಿ, ನೀಲಿ ಅಂದರೆ ಊರಿಂದೂರಿಗೆ ಹೋಗುವ ದಾರಿ. ಕೆಂಪು ವಜ್ರ ವೆಸ್ಟ್‌ವೆಗ್‌ದು, 1900ರಲ್ಲಿ ಮಾಡಿದ್ದು, ಫೋರ್ಟ್ಸ್‌ಹೈಮ್‌ನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ ಸುಮಾರು 285 ಕಿಲೋಮೀಟರ್. ದಾರಿಗಳು ಕೂಡುವ ಕಡೆ ಕಂಬದಲ್ಲಿ ಆ ಜಾಗದ ಹೆಸರು, ಎತ್ತರ, ಮುಂದಿನ ಊರಿಗೆ ಎಷ್ಟು ಕಿಲೋಮೀಟರ್ ಅಂತ ಬರೆದಿರುತ್ತೆ. ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಯಾರಿಗಾದರೂ ನೀವೆಲ್ಲಿದ್ದೀರಿ ಅಂತ ಹೇಳಬೇಕಾದರೆ ಆ ಹೆಸರು ಸಾಕು.

ಪ್ರಶ್ನೆ: ವುಟಾಖ್ ಕಮರಿಗೆ ಕಾರಿಲ್ಲದೆ ಹೋಗಬಹುದಾ?

ಹೋಗಬಹುದು. ಷಟ್ಟನ್‌ಮ್ಯೂಲೆಯಿಂದ ವುಟಾಖ್‌ಮ್ಯೂಲೆವರೆಗೆ ಸುಮಾರು 13 ಕಿಲೋಮೀಟರ್, ಹೊಳೆ ಪಕ್ಕದಲ್ಲೇ ದಾರಿ. ಕಾರಲ್ಲಿ ಬಂದವರೂ ಈ ಎರಡು ತುದಿಗಳ ನಡುವೆ ವಾಂಡರ್‌ಬುಸ್, ಅಂದರೆ ಚಾರಣಿಗರ ಬಸ್ಸನ್ನೇ ನೆಚ್ಚಿಕೊಳ್ಳಬೇಕು. ಆ ಬಸ್ಸು ಬೇಸಿಗೆ ಕಾಲದಲ್ಲಿ ಮಾತ್ರ. ಜೋರು ಮಳೆ ಆದ ಮೇಲೆ ದಾರಿ ಕುಸಿದು ಮುಚ್ಚಿರುತ್ತಾರೆ, ಹಿಂದಿನ ದಿನವೇ ವಿಚಾರಿಸಿ. ಇಲ್ಲಿ ಕೊನೆಯಲ್ಲಿ ರೈಲಿಲ್ಲ, ಹಾಗಾಗಿ ಬೆಳಗ್ಗೆ ಬೇಗ ಇಳಿಯೋದು ಮುಖ್ಯ.

ಪ್ರಶ್ನೆ: ಕೊನೆಯ ಬಸ್ಸು ತಪ್ಪಿದರೆ ಏನು ಮಾಡೋದು? ಕಾಡಲ್ಲಿ ಪ್ರಾಣಿಗಳ ಭಯ ಇದೆಯಾ?

ಕೊನೆಯ ಬಸ್ಸನ್ನು ನಂಬಿಕೊಂಡು ನಡೆಯಲೇಬೇಡಿ. ಅದರ ಹಿಂದಿನ ಬಸ್ಸೇ ನಿಮ್ಮದು ಅಂತ ಲೆಕ್ಕ ಹಾಕಿ, ಕೊನೆಯದು ಕೈಯಲ್ಲಿ ಉಳಿಯಲಿ. ಆದರೂ ತಪ್ಪಿದರೆ ಹತ್ತಿರದ ಹೋಟೆಲ್ಲಿಗೋ ಊರಿಗೋ ನಡೆದು ಟ್ಯಾಕ್ಸಿ ಕರೆಸಿ. ಟ್ಯಾಕ್ಸಿ ನಂಬರನ್ನು ಬೆಳಗ್ಗೆಯೇ ಬರೆದುಕೊಂಡಿರಿ, ಕಣಿವೆಯಲ್ಲಿ ನೆಟ್‌ವರ್ಕ್ ಸಿಗೋದು ಗ್ಯಾರಂಟಿ ಇಲ್ಲ. ಪೆಟ್ಟಾದರೆ 112.

ದೊಡ್ಡ ಪ್ರಾಣಿಗಿಂತ ರಕ್ತ ಹೀರುವ ಉಣ್ಣಿ ಹುಳಕ್ಕೆ ಹೆದರಿ. ಹುಲ್ಲು, ಪೊದೆಯಿಂದ ಹತ್ತಿಕೊಳ್ಳುತ್ತೆ, ಕಚ್ಚಿದ್ದು ಗೊತ್ತಾಗೋದೇ ಇಲ್ಲ. ಲೈಮ್ ಕಾಯಿಲೆ ಬರಬಹುದು, ಮಿದುಳಿಗೆ ಉರಿಯೂತ ತರುವ ಒಂದು ವೈರಸ್ ಕೂಡ ಇದೆ. ವೈರಸ್‌ಗೆ ಲಸಿಕೆ ಇದೆ, ಲೈಮ್‌ಗೆ ಇಲ್ಲ. ಲಸಿಕೆಗೆ ಒಂದಕ್ಕಿಂತ ಹೆಚ್ಚು ಡೋಸ್ ಬೇಕು, ಹೊರಡುವ ಕೆಲವು ತಿಂಗಳ ಮೊದಲೇ ಡಾಕ್ಟರನ್ನು ಕೇಳಿ. ಉದ್ದ ಪ್ಯಾಂಟ್ ಹಾಕಿ, ಅದರ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ರಾತ್ರಿ ಸ್ನಾನ ಮಾಡುವಾಗ ಮೊಣಕಾಲಿನ ಹಿಂದೆ, ಕಂಕುಳು, ತೊಡೆಸಂದು, ಕೂದಲಿನ ಅಂಚು ಎಲ್ಲ ತಡವಿ ನೋಡಿ. ಸಿಕ್ಕರೆ ಎಣ್ಣೆ ಹಚ್ಚಬೇಡಿ, ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ. ಕಚ್ಚಿದ ಜಾಗವನ್ನು ಕೆಲವು ವಾರ ಗಮನಿಸಿ, ಸುತ್ತ ಕೆಂಪು ಹರಡುತ್ತಾ ಹೋದರೆ ಅಥವಾ ಜ್ವರ ಬಂದರೆ ತಕ್ಷಣ ಡಾಕ್ಟರ ಹತ್ತಿರ ಹೋಗಿ, ಉಣ್ಣಿ ಕಚ್ಚಿದ ತಾರೀಕನ್ನೂ ಹೇಳಿ.